ಅಗಲಿದ ನೆರೆಯವರು

ಬ್ರಹ್ಮಾವರದ ಓರ್ಥಡೋಕ್ಸ್ ಸಭೆಯವರು ಕೆಥೋಲಿಕ ಸಭೆಯಿಂದ ಏಕೆ ಅಗಲಿದರೆಂಬುದನ್ನು ನಮ್ಮ ಹೆಣ್ಣುಮಕ್ಕಳು ಅರಿತಿರತಕ್ಕದ್ದೆಂದು ನಾವು ಎಣಿಸುತ್ತೇವೆ. 1886ರಲ್ಲಿ ಪೋಪರಿಗೂ ಪೋರ್ಚುಗಲ್ ದೊರೆಗೂ ಆದ ಒಡಂಬಡಿಕೆಯ ಬಳಿಕ ಈ ಸೀಮೆಯಲ್ಲಿ ಗೋವೆಯ ಸಭಾಡಳಿತವು ಕೊನೆಗೊಂಡಿತು. ಹಳೆಯ ಕ್ರಮವನ್ನೇ ನೆಚ್ಚಿದ್ದ ಕೆಲವರು ಇದಕ್ಕೊಪ್ಪಲಿಲ್ಲ. ಅವರ ಮುಖಂಡರಾದ ಆಲ್ವಾರಿಸ್ ಪಾದ್ರಿಗಳು 1889ರಲ್ಲಿ ಕೊಟ್ಟಾಯದಲ್ಲಿ ಸುರಿಯಾನಿ ಬಿಷಪರಿಂದ ಅಭಿಷೇಕ ಹೊಂದಿದರು. ಆದರೂ ಲತೀನು ಪೂಜಾಕ್ರಮವನ್ನು ಬಿಡಲಿಲ್ಲ. ಬ್ರಹ್ಮಾವರದ ಮಂದೆಯನ್ನು ನೊರೋನ್ಹಾ ಪಾದ್ರಿಗಳು ಕಾದರು. ಆದುದರಿಂದ ಮೊದಲ ವ್ಯಾಜ್ಯವು ವಿಶ್ವಾಸದ್ದಲ್ಲ, ಅಧಿಕಾರದ್ದು.

ವಿಧೇಯತೆಯು ದೊಡ್ಡ ಗುಣವೆಂಬುದು ದಿಟ. ಆದರೆ ಅಹವಾಲನ್ನು ತಾಳ್ಮೆಯಿಂದ ಕೇಳುವುದೂ ಹಿರಿಯರ ಧರ್ಮವಷ್ಟೆ. ಪಣಜಿಯಲ್ಲಿ ಬಡವರ ಸೇವೆ ಮಾಡಿ 1923ರಲ್ಲಿ ತೀರಿಕೊಂಡ ಆಲ್ವಾರಿಸರನ್ನು ಮತಭ್ರಷ್ಟರೆಂದು ಮಕ್ಕಳಿಗೆ ಕಲಿಸಿ, ಬಳಿಕ ಐಕ್ಯಕ್ಕಾಗಿ ಪ್ರಾರ್ಥಿಸುವುದು ಯುಕ್ತವೇ?

ಬ್ರಹ್ಮಾವರದವರು ಸೇರಿರುವ ಮಲಂಕರ ಓರ್ಥಡೋಕ್ಸ್ ಸಭೆಯೂ ರೋಮ್ ಸಭೆಯೂ ಕ್ರಿಸ್ತನ ಕುರಿತಾದ ತಮ್ಮ ವಿಶ್ವಾಸವು ಒಂದೇ ಎಂಬುದಾಗಿ 1990ರಲ್ಲಿ ಸಾರಿದುವು. ಈ ಮಾತು ನಮ್ಮ ಮನೆಗಳಿಗೂ ಮುಟ್ಟಬೇಕು. ಸೋತು ಹಿಂದಿರುಗಿರಿ ಎಂಬುದು ಸಂಧಾನವಲ್ಲ. ಒಂದೇ ಕೊಂಕಣಿಯಲ್ಲಿ ಜಪಿಸುವ ಎರಡು ಮನೆಯವರು ಮದುವೆಗೂ ಮರಣಕ್ಕೂ ಒಬ್ಬರ ಅಂಗಳಕ್ಕೆ ಒಬ್ಬರು ಸಂಕೋಚವಿಲ್ಲದೆ ಬರುವುದೇ ಅದರ ಆರಂಭ. ಈ ಆರಂಭವು ಬಿಷಪರ ಕೈಯಲ್ಲಿಲ್ಲ; ಮನೆಯ ತಾಯಂದಿರ ಕೈಯಲ್ಲಿರುವುದು.