ರಾಶಿಯನ್ನು ಪಾಲು ಮಾಡುವ ಬಗೆ

ಮದುವೆಯ ಮನೆಯಲ್ಲಿ ಮೂಟೆ ಅಕ್ಕಿಯನ್ನು ಹಸನು ಮಾಡಬೇಕಾದಾಗ ನಾಲ್ವರು ಹೆಂಗಸರು ನಾಲ್ಕು ಮೊರಗಳನ್ನು ಹಿಡಿದು ಕುಳಿತುಕೊಳ್ಳುತ್ತಾರೆ. ತಂತಮ್ಮ ಪಾಲನ್ನು ಆರಿಸಿ ಏಳುತ್ತಾರೆ. ಒಬ್ಬರು ಆರಿಸಿದ್ದನ್ನು ಇನ್ನೊಬ್ಬರು ಮತ್ತೆ ನೋಡುವ ವಾಡಿಕೆಯಿಲ್ಲ, ಅಗತ್ಯವೂ ಇಲ್ಲ. ಒಂದೆರಡು ಕಲ್ಲು ಉಳಿದರೆ ಉಣ್ಣುವವರ ಹಲ್ಲೇ ಅದನ್ನು ಪತ್ತೆಮಾಡುತ್ತದೆ. ಮೇಲುನೋಟಕ್ಕೆ ಇದರಂತೆಯೇ ಕಾಣುವ ಕೆಲಸವೊಂದು ವಿಜ್ಞಾನದಲ್ಲಿಯೂ ಉಂಟು. ಅದನ್ನೂ ಹೀಗೆಯೇ ಪಾಲು ಮಾಡಿಕೊಂಡರೆ ಸಾಕೆಂದು ಭಾವಿಸುವವರು ಅನೇಕರು. ಆ ಭಾವನೆ ತಪ್ಪೆಂಬುದು ನಮ್ಮ ಮತ.

ಆ ಕೆಲಸವೆಂದರೆ ಕ್ರಮಬದ್ಧ ಪರಾಮರ್ಶೆಗಾಗಿ ಪ್ರಬಂಧಗಳನ್ನು ಆರಿಸುವುದು. ಒಂದು ಚಿಕಿತ್ಸೆಯಿಂದ ಗುಣವುಂಟೋ ಇಲ್ಲವೋ ಎಂಬ ಪ್ರಶ್ನೆಗೆ, ಜಗತ್ತಿನಲ್ಲಿ ನಡೆದ ಪ್ರಯೋಗಗಳನ್ನೆಲ್ಲ ಹುಡುಕಿ ಒಟ್ಟಿಗೆ ತೂಗಿ ಉತ್ತರ ಹೇಳುವುದಕ್ಕೆ ಈ ಹೆಸರು. ಇದರ ಬೆಲೆ ತಿಳಿಯಲು ಒಂದು ನಿದರ್ಶನ ಸಾಕು. ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಂಭವವಿರುವ ಗರ್ಭಿಣಿಗೆ ಸ್ಟಿರಾಯ್ಡ್ ಚುಚ್ಚುಮದ್ದು ಕೊಟ್ಟರೆ ಕೂಸಿಗೆ ಹುಟ್ಟಿದೊಡನೆ ಬರುವ ಉಸಿರಾಟದ ತೊಂದರೆ ಕಡಮೆಯಾಗುತ್ತದೆಂದು ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 1972ರಲ್ಲಿ ಪ್ರಕಟಿಸಿದರು. ಆಮೇಲೆ ಇನ್ನೂ ಹಲವು ಪ್ರಯೋಗಗಳಾದುವು. ಅವುಗಳಲ್ಲಿ ಕೆಲವು ಚಿಕ್ಕವು, ಬಿಡಿಯಾಗಿ ನೋಡಿದರೆ ನಿರ್ಣಯಕ್ಕೆ ಸಾಲದಂಥವು. ಅವನ್ನೆಲ್ಲ ಕೂಡಿಸಿ ತೂಗಿದ ಪರಾಮರ್ಶೆ ಬಂದದ್ದು 1989ರಲ್ಲಿ. ಅಷ್ಟರಲ್ಲಿ 17 ವರ್ಷಗಳು ಕಳೆದಿದ್ದುವು. ಉಳಿಯಬಹುದಾಗಿದ್ದ ಎಷ್ಟೋ ಕೂಸುಗಳು ಉಳಿಯಲಿಲ್ಲ. 1993ರಲ್ಲಿ ಸ್ಥಾಪಿತವಾದ ಕಾಕ್ರೇನ್ ಸಂಸ್ಥೆಯ ಲಾಂಛನದೊಳಗಿನ ಅಡ್ಡಗೆರೆಗಳು ಆ ಪ್ರಯೋಗಗಳ ಫಲಿತಾಂಶಗಳೇ.

ಇಂಥ ಪರಾಮರ್ಶೆಗೆ ತೊಡಗಿದವರ ಕೈಗೆ ಮೊದಲು ಬರುವುದು ಸಾವಿರಾರು ಶೀರ್ಷಿಕೆಗಳ ಮತ್ತು ಸಾರಾಂಶಗಳ ರಾಶಿ. ಅದರಲ್ಲಿ ಬೇಕಾದವು ಕೆಲವೇ. ಎಂದಮೇಲೆ ಇಲ್ಲಿ ಆರಿಸಬೇಕಾದದ್ದು ಕಲ್ಲನ್ನಲ್ಲ, ಕಾಳನ್ನು. ಬೇಡದ ಪ್ರಬಂಧವೊಂದು ಒಳಗೆ ಸೇರಿಕೊಂಡರೆ ಅಷ್ಟೇನೂ ಹಾನಿಯಿಲ್ಲ; ಮುಂದೆ ಪೂರ್ತಿಯಾಗಿ ಓದುವಾಗ ಅದು ಸಿಕ್ಕಿಬೀಳುತ್ತದೆ. ಬೇಕಾದದ್ದು ಹೊರಗೆ ಹೋಯಿತೋ, ಅದನ್ನು ಯಾವ ಹಲ್ಲೂ ಪತ್ತೆಮಾಡಲಾರದು.

ಹಾಗೆ ಹೊರಗೆ ಹೋಗುವುದು ಅಪರೂಪವೇನೂ ಅಲ್ಲ. 22,000ಕ್ಕೂ ಹೆಚ್ಚು ದಾಖಲೆಗಳನ್ನು ಓದಿಸಿ ನೋಡಿದ ಒಂದು ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರೇ ಓದಿದಾಗ ಬೇಕಾದ ಪ್ರಬಂಧಗಳಲ್ಲಿ ಸರಾಸರಿ ನೂರಕ್ಕೆ 8 ಕೈತಪ್ಪಿದ್ದುವು. ಕೆಲವರಿಗೆ ಒಂದೂ ತಪ್ಪಿರಲಿಲ್ಲ, ಕೆಲವರಿಗೆ 24ರವರೆಗೂ ತಪ್ಪಿದ್ದುವು. 2020ರ ಇನ್ನೊಂದು ಪರೀಕ್ಷೆಯಲ್ಲಿ ಒಬ್ಬರೇ ಓದಿದಾಗ ತಪ್ಪಿದ್ದು ನೂರಕ್ಕೆ 13, ಇಬ್ಬರು ಓದಿದಾಗ 3. ಗಣಿತ ಬಲ್ಲ ವಿದ್ಯಾರ್ಥಿಗಳು ಇಲ್ಲಿ ತುಸು ನಿಲ್ಲಬೇಕು. ಇಬ್ಬರ ತಪ್ಪುಗಳಿಗೂ ಪರಸ್ಪರ ಸಂಬಂಧವಿಲ್ಲದಿದ್ದರೆ, ಇಬ್ಬರ ಕಣ್ಣನ್ನೂ ತಪ್ಪಿಸಿಕೊಳ್ಳುವವು ನೂರಕ್ಕೆ ಎರಡಕ್ಕಿಂತಲೂ ಕಡಮೆಯಿರಬೇಕಾಗಿತ್ತು. ಹಾಗಾಗದಿರಲು ಕಾರಣವುಂಟು: ಅಸ್ಪಷ್ಟವಾಗಿ ಬರೆದ ಸಾರಾಂಶ ಒಬ್ಬನನ್ನು ಮೋಸಗೊಳಿಸಿದಂತೆ ಮತ್ತೊಬ್ಬನನ್ನೂ ಮೋಸಗೊಳಿಸುತ್ತದೆ. ಆದರೂ 13 ಎಲ್ಲಿ, 3 ಎಲ್ಲಿ!

ಆದ್ದರಿಂದ ರಾಶಿಯನ್ನು ತಲೆಗೊಂದು ಪಾಲಿನಂತೆ ಒಡೆಯದೆ, ಪ್ರತಿಯೊಂದು ಶೀರ್ಷಿಕೆಯೂ ಇಬ್ಬರ ಕಣ್ಣಿಗೆ ಬೀಳುವಂತೆ ಹಂಚತಕ್ಕದ್ದು. 3,000 ಶೀರ್ಷಿಕೆಗಳು, ನಾಲ್ವರು ಓದುಗರು ಎಂದಿಟ್ಟುಕೊಳ್ಳೋಣ. ಎರಡು ಜೋಡಿಗಳನ್ನು ಮಾಡಿ ಕೊನೆಯವರೆಗೆ ಅವನ್ನೇ ನಡೆಸುವುದು ಸುಲಭವೆಂದು ತೋರಬಹುದು. ಆದರೆ ಪ್ರತಿ ಜೋಡಿಯೂ ಬರಬರುತ್ತ ತನ್ನದೇ ಕಟ್ಟಳೆಯನ್ನು ಬೆಳೆಸಿಕೊಳ್ಳುತ್ತದೆ. ಎರಡು ಜೋಡಿಗಳ ಅಳತೆಗಳು ಬೇರೆಯಾದುದು ಯಾರಿಗೂ ಕಾಣದು. ನಾಲ್ವರಿಂದ ಆರು ಜೋಡಿಗಳಾಗುತ್ತವಷ್ಟೆ. ಜೋಡಿಗೆ 500ರಂತೆ ಕೊಟ್ಟರೆ ಪ್ರತಿಯೊಬ್ಬರೂ ಮೂರು ಜೋಡಿಗಳಲ್ಲಿ ಸೇರಿ 1,500 ಓದಿದಂತಾಯಿತು. ಪ್ರತಿಯೊಬ್ಬರ ತೀರ್ಮಾನವನ್ನೂ ಉಳಿದ ಮೂವರದರೊಡನೆ ತಾಳೆ ನೋಡಿದಂತೆಯೂ ಆಯಿತು. ಯಾರದು ಬಿಗಿ, ಯಾರದು ಸಡಿಲ ಎಂಬುದು ಬೇಗನೆ ಹೊರಬೀಳುತ್ತದೆ. ಹಂಚುವ ಮುನ್ನ ಇಸ್ಪೀಟಿನ ಎಲೆಗಳಂತೆ ರಾಶಿಯನ್ನು ಕಲಸಬೇಕು. ವರ್ಷಗಳ ಅನುಕ್ರಮದಲ್ಲಿ ಕತ್ತರಿಸಿ ಕೊಟ್ಟರೆ ಹಳೆಯ ಪ್ರಯೋಗಗಳೆಲ್ಲ ಒಂದೇ ಜೋಡಿಯ ಪಾಲಿಗೆ ಬಂದು, ಅದರ ದೋಷವೆಲ್ಲ ಅವುಗಳ ಮೇಲೆಯೇ ಬೀಳುತ್ತದೆ.

ಕೆಲಸ ಇಮ್ಮಡಿಯಾಯಿತಲ್ಲ ಎಂದು ಆಕ್ಷೇಪಿಸುವವರುಂಟು. ಆಗುತ್ತದೆ, ನಿಜ. ಶೀರ್ಷಿಕೆಗೊಂದು ನಿಮಿಷದ ಲೆಕ್ಕದಲ್ಲಿ ತಲೆಗೆ ಹನ್ನೆರಡೂವರೆ ಗಂಟೆ ಹೆಚ್ಚು ಬೇಕು. ಇದನ್ನು ಉಳಿಸಲು, ಮೊದಲನೆಯವನು ತಳ್ಳಿದ್ದನ್ನು ಮಾತ್ರ ಎರಡನೆಯವನು ನೋಡಲಿ ಎನ್ನುತ್ತಾರೆ. ತಳ್ಳಿದ್ದೇ ರಾಶಿಯ ಬಹುಪಾಲಾಗಿರುವುದರಿಂದ ಉಳಿತಾಯ ಅಲ್ಪ; ಮೇಲಾಗಿ, ಆಗಲೇ ತಳ್ಳಿದ್ದೆಂದು ತಿಳಿದು ಓದುವ ಕಣ್ಣು ಸ್ವತಂತ್ರವಾದುದಲ್ಲ. ಒಬ್ಬರ ತೀರ್ಮಾನ ಇನ್ನೊಬ್ಬರಿಗೆ ಕಾಣದಂತೆ ಮರೆಮಾಡುವ ತಂತ್ರಾಂಶಗಳು ಈಗ ಇವೆ. ಅವುಗಳಿದ್ದೂ ಪಕ್ಕದಲ್ಲಿ ಕುಳಿತು ಕೇಳಿಕೊಂಡು ಗುರುತು ಹಾಕಿದರೆ ಅದು ಎರಡು ಕೈಗಳ ಒಂದೇ ಓದು. ಸಮಯವನ್ನು ಉಳಿಸುವ ದಾರಿ ಬೇರೆಡೆಯಲ್ಲಿದೆ. ಮೊದಲ 50 ಶೀರ್ಷಿಕೆಗಳನ್ನು ನಾಲ್ವರೂ ಬೇರೆಬೇರೆಯಾಗಿ ಓದಿ, ಒಟ್ಟಿಗೆ ಕುಳಿತು ವಾದಿಸಿ, ಒಳಗೆ ಯಾವುದು, ಹೊರಗೆ ಯಾವುದು ಎಂಬ ನಿಯಮವನ್ನು ತಿದ್ದಿಕೊಂಡರೆ ಮುಂದಿನ ಜಗಳಗಳಲ್ಲಿ ಬಹಳಷ್ಟು ತಪ್ಪುತ್ತವೆ.

ಇನ್ನೊಂದು ಮಾತು, ಕೆಲವರಿಗೆ ಹಿಡಿಸಲಾರದು. ಈ ಬೇಸರದ ಓದನ್ನು ತಂಡದ ಕಿರಿಯರ ತಲೆಗೆ ಕಟ್ಟಿ, ಹಿರಿಯರು ಭಿನ್ನಾಭಿಪ್ರಾಯ ಬಂದಾಗ ಮಾತ್ರ ತೀರ್ಪು ಕೊಡಲು ಕುಳಿತುಕೊಳ್ಳುವುದುಂಟು. ಆದರೆ ಇಬ್ಬರು ಕಿರಿಯರೂ ಒಮ್ಮತದಿಂದ ತಳ್ಳಿಬಿಟ್ಟದ್ದು ತೀರ್ಪಿಗೆ ಬರುವುದೇ ಇಲ್ಲ. ವಿಷಯ ಬಲ್ಲ ಕಣ್ಣು ಬೇಕಾದದ್ದು ಅಲ್ಲಿಯೇ.

ಪ್ರತಿ ದಾಖಲೆಯನ್ನು ಎಷ್ಟು ಜನ ಓದಿದರು, ಸ್ವತಂತ್ರವಾಗಿ ಓದಿದರೇ ಎಂಬುದನ್ನು ಬರೆಯಬೇಕೆಂದು ಪ್ರಿಸ್ಮಾ ಎಂಬ ನಿಯಮಾವಳಿಯ 2020ರ ಆವೃತ್ತಿ ಕೇಳುತ್ತದೆ. ವಿದ್ಯಾರ್ಥಿಗಳು ಯಾವುದೇ ಪರಾಮರ್ಶೆಯನ್ನು ತೆರೆದಾಗ ತೀರ್ಮಾನಕ್ಕೆ ಹಾರುವ ಮುನ್ನ ವಿಧಾನದ ಭಾಗದಲ್ಲಿ ಆ ಒಂದು ವಾಕ್ಯವನ್ನು ಹುಡುಕಲಿ. ಅದಿಲ್ಲದ ಪರಾಮರ್ಶೆಗಳು ಇನ್ನೂ ಅಚ್ಚಾಗುತ್ತಲೇ ಇವೆ.