ಹಂಚಿಕೆಯ ಐಪಿ: ಬಿಲ್ಲಿನಲ್ಲಿ ಬರೆದು ಕೊಡಲಿ

ಸಂಪಾದಕರಿಗೆ,

ತಾಲ್ಲೂಕು, ಹೋಬಳಿಗಳಲ್ಲಿ ಇವತ್ತು ಫೈಬರ್ ಇಂಟರ್ನೆಟ್ ಕೊಡುತ್ತಿರುವವರು ಎಷ್ಟೋ ಕಡೆ ನಿನ್ನೆಯ ಕೇಬಲ್ ಟಿ.ವಿ.ಯವರೇ. ಮಳೆಗೆ ಕೊಂಬೆ ಬಿದ್ದು ವೈರು ತುಂಡಾದರೆ ಏಣಿ ಹೊತ್ತು ಬರುವವರೂ ಅವರೇ. ದೊಡ್ಡ ಕಂಪನಿಯ ಕಾಲ್ ಸೆಂಟರ್ ಬರುವುದಿಲ್ಲ. ಅವರ ಸೇವೆಯ ಬಗ್ಗೆ ನನ್ನ ದೂರಿಲ್ಲ. ಅವರು ಗ್ರಾಹಕರಿಗೆ ಹೇಳದೆ ಬಿಡುವ ಒಂದು ಸಂಗತಿ, ಅದನ್ನು ಕೇಳದೆ ಕೂತಿರುವ ದೂರಸಂಪರ್ಕ ಇಲಾಖೆ, ಇವೆರಡರ ಬಗ್ಗೆ ಈ ಪತ್ರ.

ಮನೆಯ ರೂಟರ್‌ನ ಸೆಟ್ಟಿಂಗ್ಸ್ ಪುಟ ತೆರೆದು 'ವ್ಯಾನ್ ಐಪಿ' ಎಂಬಲ್ಲಿ ಯಾವ ಸಂಖ್ಯೆ ಇದೆ ನೋಡಿ. ಐಪಿ ಎಂದರೆ ಇಂಟರ್ನೆಟ್ ವಿಳಾಸ. ನಮ್ಮಲ್ಲಿ ಅದು 100.72 ಎಂದು ಶುರುವಾಗುತ್ತದೆ. 'ನನ್ನ ಐಪಿ ಯಾವುದು' ಎಂದು ತೋರಿಸುವ ಜಾಲತಾಣಕ್ಕೆ ಹೋದರೆ ಬೇರೆಯೇ ಸಂಖ್ಯೆ ಬರುತ್ತದೆ. 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಈ ಉದ್ದೇಶಕ್ಕೆಂದೇ ಎತ್ತಿಟ್ಟಿದ್ದಾರೆ: ಅವು ಇಂಟರ್ನೆಟ್ ಕೊಡುವವರ ಜಾಲದ ಒಳಗೆ ಮಾತ್ರ ಚಲಾವಣೆ. ಹೊರ ಜಗತ್ತಿಗೆ ಕಾಣುವ ವಿಳಾಸವನ್ನು ನಾವು ಪರಿಚಯವೇ ಇಲ್ಲದ ಎಷ್ಟೋ ಮನೆಗಳ ಜೊತೆ ಹಂಚಿಕೊಂಡಿರುತ್ತೇವೆ. ಇಡೀ ವಠಾರಕ್ಕೆ ಒಂದೇ ಡೋರ್ ನಂಬರ್ ಇದ್ದ ಹಾಗೆ. ಒಂದು ವಿಳಾಸಕ್ಕೆ ಸುಮಾರು 65,000 ಪೋರ್ಟ್‌ಗಳು. ಸಂಪರ್ಕಗಳನ್ನು ಬೇರ್ಪಡಿಸುವ ಈ ಒಳ ಸಂಖ್ಯೆಗಳನ್ನು ಮನೆಗೆ ಸಾವಿರದಂತೆ ಹಂಚಿದರೂ ಅರವತ್ತಕ್ಕೂ ಹೆಚ್ಚು ಮನೆ ಒಂದೇ ವಿಳಾಸದಲ್ಲಿ ಹಿಡಿಸುತ್ತವೆ. ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ.

ಸಣ್ಣವರು ಹೀಗೆ ಮಾಡಲು ಕಾರಣವಿದೆ, ಅದನ್ನೂ ಹೇಳಬೇಕು. ಹಳೆಯ ಐಪಿವಿ4 ಪದ್ಧತಿಯಲ್ಲಿರುವುದು ಒಟ್ಟು ಸುಮಾರು 430 ಕೋಟಿ ವಿಳಾಸ. ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಬರಿದಾಯಿತು. ಏಷ್ಯಾ–ಪೆಸಿಫಿಕ್ ಪ್ರದೇಶಕ್ಕೆ ಹಂಚುವ ಏಪ್ನಿಕ್ ಅದೇ ವರ್ಷದ ಏಪ್ರಿಲ್‌ನಲ್ಲಿ ರೇಷನ್ ಶುರು ಮಾಡಿತು. 2019ರಿಂದ ಹೊಸಬರಿಗೆ ಸಿಗುವುದು ಹೆಚ್ಚೆಂದರೆ 512 ವಿಳಾಸ. ಮೊದಲೇ ಬಂದ ದೊಡ್ಡ ಕಂಪನಿಗಳ ಕೈಯಲ್ಲಿ ಲಕ್ಷಗಟ್ಟಲೆ ಇವೆ. ಎರಡು ಸಾವಿರ ಮನೆಗೆ ಲೈನ್ ಎಳೆದವನು 512ರಲ್ಲಿ ಏನು ಮಾಡಬೇಕು? ಹಂಚಲೇಬೇಕು.

ಹಂಚಲಿ, ಆದರೆ ಹೇಳಿ ಹಂಚಲಿ. ಅಂಗಡಿಗೋ ಅಡಿಕೆ ಒಣಗಿಸುವ ಅಂಗಳಕ್ಕೋ ಕ್ಯಾಮೆರಾ ಹಾಕಿಸಿದವರು ದೃಶ್ಯ ದಾಖಲಿಸುವ ಪೆಟ್ಟಿಗೆಯಾದ ಡಿವಿಆರ್ ಅನ್ನು ಹೊರಗಿನಿಂದ ನೇರವಾಗಿ ನೋಡಲು ಹೊರಟಾಗ ತಾನೇ ವಿಷಯ ಹೊರಬೀಳುವುದು? ರೂಟರ್‌ನಲ್ಲಿ ಎಷ್ಟು ಸಲ ಪೋರ್ಟ್ ಫಾರ್ವರ್ಡ್ ಮಾಡಿದರೂ ಆಗುವುದಿಲ್ಲ: ಹೊರಗಿನ ಕೋರಿಕೆ ಹಂಚಿಕೆಯ ವಿಳಾಸದಲ್ಲೇ ನಿಲ್ಲುತ್ತದೆ. ಫೋನ್ ಮಾಡಿದರೆ, 'ಸಾರ್, ಅದಕ್ಕೆ ಸ್ಟ್ಯಾಟಿಕ್ ಐಪಿ ತಗೋಬೇಕು, ಎಕ್ಸ್‌ಟ್ರಾ ಆಗುತ್ತೆ' ಎಂಬ ಉತ್ತರ; ಅಂದರೆ ಬದಲಾಗದ ಸ್ವಂತ ವಿಳಾಸಕ್ಕೆ ಬೇರೆ ದುಡ್ಡು. ಕನೆಕ್ಷನ್ ಕೊಡುವಾಗ ಕೊಟ್ಟ ಬಣ್ಣದ ಕರಪತ್ರದಲ್ಲಿ ನೂರು ಎಂಬಿಪಿಎಸ್, ಉಚಿತ ರೂಟರ್, ಹನ್ನೆರಡು ಓಟಿಟಿ ಎಲ್ಲ ಇತ್ತು. ಇದೊಂದು ಸಾಲು ಇರಲಿಲ್ಲ. ಗೊತ್ತಿಲ್ಲದವರು ಕೊನೆಗೆ ಕ್ಯಾಮೆರಾ ಕಂಪನಿಯ ಸರ್ವರನ್ನೇ ನಂಬಿಕೊಂಡು ಸುಮ್ಮನಾಗುತ್ತಾರೆ.

ವಿಕಿಪೀಡಿಯ ತಿದ್ದಲು ಹೋದರೆ 'ನಿಮ್ಮ ಐಪಿ ನಿರ್ಬಂಧಿಸಲಾಗಿದೆ' ಎನ್ನುವುದು, ಟ್ರಾಫಿಕ್ ಲೈಟಿನ ಚಿತ್ರ ಗುರುತಿಸಿ ಎಂದು ಜಾಲತಾಣಗಳು ಪೀಡಿಸುವುದು, ಇವಕ್ಕೂ ಎಷ್ಟೋ ಸಲ ಇದೇ ಕಾರಣ: ಅದೇ ವಿಳಾಸದಲ್ಲಿ ಯಾರೋ ಮಾಡಿದ ಕಿತಾಪತಿ.

ಇವು ಕಿರಿಕಿರಿಗಳು. ಗಂಭೀರವಾದದ್ದು ಪೊಲೀಸ್ ತನಿಖೆ. 2007ರಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಪುಣೆ ಪೊಲೀಸರು ಆರ್ಕುಟ್ ಎಂಬ ಸಾಮಾಜಿಕ ಜಾಲತಾಣದ ಪೋಸ್ಟ್ ಒಂದರ ಸಂಬಂಧ ಹಿಡಿದೊಯ್ದರು. ಐಪಿ ವಿಳಾಸದ ಮಾಹಿತಿಯೇ ತಪ್ಪಾಗಿತ್ತು. ನಿರಪರಾಧಿಯಾದ ಆತ ಬಿಡುಗಡೆಯಾಗುವ ಹೊತ್ತಿಗೆ 50 ದಿನ ಜೈಲಿನಲ್ಲಿ ಕಳೆದಿದ್ದ. ಒಂದು ವಿಳಾಸದ ಹಿಂದೆ ಹತ್ತಾರು ಮನೆಗಳಿದ್ದರೆ ತಪ್ಪಿಗೆ ಇನ್ನೆಷ್ಟು ದಾರಿ! ಯಾವ ಮನೆ ಎಂದು ಹೇಳಲು ನಿಖರ ಸಮಯ, ಅದರ ಜೊತೆಗೆ ಪೋರ್ಟ್ ಸಂಖ್ಯೆಯೂ ಬೇಕು. ಪೋರ್ಟ್ ಬರೆದಿಟ್ಟುಕೊಳ್ಳದ ಜಾಲತಾಣಗಳು ಬೇಕಾದಷ್ಟಿವೆ. ಒದಗಿಸುವವರ ಕಚೇರಿಯ ಲಾಗ್ ಸರ್ವರ್ ಗಡಿಯಾರ ಐದು ನಿಮಿಷ ಹಿಂದಿದ್ದರೆ ಪಕ್ಕದ ಬೀದಿಯ ಹುಡುಗನ ಮನೆಗೆ ನೋಟಿಸ್ ಹೋದೀತು. ಐರೋಪ್ಯ ಪೊಲೀಸ್ ಸಂಸ್ಥೆ ಯುರೋಪೋಲ್ 2017ರಲ್ಲಿ ಸಿಜಿನ್ಯಾಟ್ ವಿರುದ್ಧ ದನಿ ಎತ್ತಿದ್ದು ಇದೇ ಕಾರಣಕ್ಕೆ. ಬೆಲ್ಜಿಯಂನಲ್ಲಿ 2012ರಲ್ಲೇ ಒಂದು ವಿಳಾಸಕ್ಕೆ 16 ಗ್ರಾಹಕರಿಗಿಂತ ಹೆಚ್ಚು ಬೇಡ ಎಂದು ಕಂಪನಿಗಳು ಸ್ವಯಂಪ್ರೇರಿತವಾಗಿ ಒಪ್ಪಿಕೊಂಡವು. ಹಳೆಯ ಐಪಿವಿ4ರ ಬದಲಿಗೆ ಬಂದ ಐಪಿವಿ6 ಪದ್ಧತಿಯ ಬಳಕೆಯಲ್ಲಿ ಆ ಪುಟ್ಟ ದೇಶ ಮುಂದೆ ಹೋಯಿತು.

ಐಪಿವಿ6ರಲ್ಲಿ ಅಭಾವದ ಮಾತೇ ಇಲ್ಲ. ನಮ್ಮ ದೇಶದಲ್ಲಿ ಹಂಚಿಕೆ ನೋಡಿಕೊಳ್ಳುವ ಐಆರ್‌ಐಎನ್‌ಎನ್ ಸಣ್ಣ ಕಂಪನಿಗೂ ಕೊಡುವ ಸಾಮಾನ್ಯ ಗಾತ್ರದ ತುಂಡಿನಿಂದ ಅರವತ್ತೈದು ಸಾವಿರ ಗ್ರಾಹಕರಿಗೆ ತಲಾ ಒಂದು ಇಡೀ ಜಾಲವನ್ನೇ ಕೊಡಬಹುದು. 2022ರ ಡಿಸೆಂಬರ್ 31ರ ನಂತರ ಕೊಡುವ ಪ್ರತಿ ಹೊಸ ಮನೆಯ ವೈರ್‌ಲೈನ್ ಸಂಪರ್ಕವೂ ಐಪಿವಿ6 ಸಾಗಿಸುವಂತಿರಬೇಕೆಂದು ದೂರಸಂಪರ್ಕ ಇಲಾಖೆಯೇ 2021ರ ನವೆಂಬರ್‌ನಲ್ಲಿ ಗಡುವು ಕೊಟ್ಟಿತ್ತು. ನಮ್ಮ ಮೊಬೈಲುಗಳಲ್ಲಿ ಐಪಿವಿ6 ಸಲೀಸಾಗಿ ಓಡುತ್ತಿದೆ. ಭಾರತ ಈ ವಿಷಯದಲ್ಲಿ ಜಗತ್ತಿನ ಮುಂಚೂಣಿಯಲ್ಲಿದೆ ಎಂದು ಬೀಗುವುದೂ ಅದರ ಬಲದಿಂದಲೇ. ಅದೇ ಮೊಬೈಲ್ ಮನೆಗೆ ಬಂದು ವೈಫೈ ಹಿಡಿದೊಡನೆ ನಮ್ಮಲ್ಲಿ ಹಳೆಯ ಐಪಿವಿ4ಕ್ಕೆ ಇಳಿಯುತ್ತದೆ. ಕೇಳಿದರೆ, 'ಮೇಲಿನವರು ಇನ್ನೂ ಕೊಟ್ಟಿಲ್ಲ, ಬಿಲ್ಲಿಂಗ್ ಸಾಫ್ಟ್‌ವೇರ್ ಸಪೋರ್ಟ್ ಮಾಡಲ್ಲ' ಎನ್ನುತ್ತಾರೆ. ನಿಜವಿರಬಹುದು. ಹಾಗಿದ್ದರೆ ಮೇಲಿನವರನ್ನು ಕೇಳಬೇಕಾದವರು ಯಾರು?

ಇಲಾಖೆ ಹೊಸ ಕಾನೂನು ತರುವುದು ಬೇಕಿಲ್ಲ. ಗಡುವು ದಾಟಿದ ಮೇಲೆ ಕೊಟ್ಟ ಸಂಪರ್ಕಗಳಲ್ಲಿ ಐಪಿವಿ6 ಇದೆಯೇ ಎಂದು ಜಿಲ್ಲೆಗೆ ಹತ್ತು ಮನೆ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಲಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಅರ್ಜಿಯಲ್ಲೂ ತಿಂಗಳ ಬಿಲ್ಲಿನಲ್ಲೂ ಎರಡು ಸಾಲು ಕಡ್ಡಾಯ ಮಾಡಲಿ: ಐಪಿವಿ4 ವಿಳಾಸ ಸ್ವಂತದ್ದೋ ಹಂಚಿಕೆಯದ್ದೋ, ಹಂಚಿಕೆಯಾದರೆ ಎಷ್ಟು ಜನರ ನಡುವೆ ಎಂಬುದು ಒಂದು; ಐಪಿವಿ6 ಇದೆಯೋ ಇಲ್ಲವೋ ಎಂಬುದು ಇನ್ನೊಂದು. ಐಪಿವಿ6 ಕೊಡದವರು ಸ್ಟ್ಯಾಟಿಕ್ ಐಪಿ ಹೆಸರಿನಲ್ಲಿ ಹೆಚ್ಚುವರಿ ಹಣ ವಸೂಲಿ ಮಾಡುವುದನ್ನು ಅದನ್ನು ಕೊಡುವವರೆಗೆ ತಡೆಹಿಡಿಯಲಿ.

ಇತಿ,
ಓರ್ವ ಓದುಗ, ಸಾಗರ