ಬೋರ್ಡು ಬದಲಾದರೆ ಇಂಗ್ಲಿಷ್ ಬರುವುದಿಲ್ಲ

ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಲು 2019ರಲ್ಲಿ ಸರ್ಕಾರ ಹೊರಟಾಗ ಎದ್ದ ಜಗಳ ಇವತ್ತಿಗೂ ತಣ್ಣಗಾಗಿಲ್ಲ. ಧಾರವಾಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಿಂದಲೇ ಚಂದ್ರಶೇಖರ ಕಂಬಾರರು ಅದನ್ನು ವಿರೋಧಿಸಿದ್ದರು. ಉಳ್ಳವರ ಮಕ್ಕಳಿಗೆ ಸಿಗುವ ಇಂಗ್ಲಿಷ್ ಬಡವರ ಮಕ್ಕಳಿಗೆ ಯಾಕೆ ಬೇಡ ಎಂದು ದಲಿತ ಚಿಂತಕರು ಕೇಳಿದರು. ಆ ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಭಾಷಾಭಿಮಾನದ ಭಾಷಣ ಉತ್ತರವಾಗುವುದಿಲ್ಲ. ಆದರೆ ಇಂಗ್ಲಿಷ್ ಮಾಧ್ಯಮವೂ ಉತ್ತರವಲ್ಲ. ಎರಡೂ ಕಡೆಯವರು ಶಾಲೆಯ ಬೋರ್ಡಿನ ಮೇಲೆ ಹೊಡೆದಾಡುತ್ತಿದ್ದಾಗ, ಒಳಗೆ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಏನು ನಡೆಯುತ್ತದೆ ಎಂದು ಇಣುಕಿ ನೋಡಿದವರು ಕಡಿಮೆ.

ನಡೆಯುವುದು ಇಷ್ಟೇ: ಗೋ, ವೆಂಟ್, ಗಾನ್. ಕಮ್, ಕೇಮ್, ಕಮ್. ಇಡೀ ತರಗತಿ ಮಗ್ಗಿಯ ಹಾಗೆ ಕೂಗುತ್ತದೆ, ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುತ್ತದೆ. ಕನ್ನಡ ಶಾಲೆಗಳಲ್ಲೂ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸುವುದು 2007ರಲ್ಲೇ ಶುರುವಾಯಿತು. ಆದರೂ ನಿನ್ನೆ ಏನು ಮಾಡಿದೆ ಎಂದು ಕೇಳಿದರೆ ಮೂರು ವಾಕ್ಯ ಇಂಗ್ಲಿಷಿನಲ್ಲಿ ಹೇಳಲಾಗದೆ ತಲೆ ತಗ್ಗಿಸುವ ಎಸ್ಸೆಸ್ಸೆಲ್ಸಿ ಮಕ್ಕಳು ಎಷ್ಟು ಜನ! ಇದೇ ಮೇಷ್ಟ್ರು, ಇದೇ ಮಗ್ಗಿ ಇಟ್ಟುಕೊಂಡು ವಿಜ್ಞಾನ, ಗಣಿತವನ್ನೂ ಇಂಗ್ಲಿಷಿಗೆ ತಿರುಗಿಸಿದರೆ ಮಗು ಎರಡನ್ನೂ ಕಳೆದುಕೊಳ್ಳುತ್ತದೆ.

‘ಡಿಡ್ ಯು ವೆಂಟ್?’ ಎಂಬ ತಪ್ಪನ್ನೇ ತೆಗೆದುಕೊಳ್ಳಿ. ಮೇಷ್ಟ್ರು ಕೆಂಪು ಗೀಟು ಎಳೆದು ಮುಂದೆ ಹೋಗುತ್ತಾರೆ. ಆ ತಪ್ಪು ದಡ್ಡತನದಿಂದ ಬಂದದ್ದಲ್ಲ. ಕನ್ನಡದಲ್ಲಿ ‘ಹೋದೆಯಾ?’ ಎಂದು ಕೇಳುವಾಗ ಕ್ರಿಯಾಪದ ಭೂತಕಾಲದಲ್ಲೇ ಇರುತ್ತದೆ, ತುದಿಗೆ ಒಂದು ‘ಆ’ ಸೇರುತ್ತದೆ ಅಷ್ಟೆ. ಹಾಗಾಗಿ ಮಗು ‘ವೆಂಟ್’ ಅನ್ನು ಬಿಡುವುದಿಲ್ಲ. ಈಗ ಅದೇ ಮಗುವಿನಿಂದ ‘ಹೋಗಲಿಲ್ಲ’ ಎಂದು ಹೇಳಿಸಿ. ‘ಹೋದೆ’ಯಲ್ಲಿದ್ದ ಭೂತಕಾಲದ ಗುರುತು ಇಲ್ಲಿ ಇಲ್ಲವೇ ಇಲ್ಲ. ‘ಡಿಡ್ ನಾಟ್ ಗೋ’ ಕೂಡ ಇದನ್ನೇ ಮಾಡುತ್ತದೆ. ಎರಡನ್ನೂ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಇಂಗ್ಲಿಷಿನಲ್ಲಿ ಪ್ರಶ್ನೆಯೂ ಇದೇ ದಾರಿಯಲ್ಲಿ ನಡೆಯುತ್ತದೆ ಎಂದು ತೋರಿಸಿದರೆ, ವರ್ಷಗಟ್ಟಲೆ ಗೀಟು ಎಳೆದು ಸಾಧಿಸಲಾಗದ್ದನ್ನು ಮಗು ತನ್ನದೇ ಭಾಷೆಯ ಬಲದಿಂದ ಹಿಡಿಯುತ್ತದೆ. ‘ನಿನ್ನೆ ಅವನನ್ನು ನೋಡಿದ್ದೇನೆ’ ಕನ್ನಡದಲ್ಲಿ ಸರಿ, ಇಂಗ್ಲಿಷಿನಲ್ಲಿ ‘ಯೆಸ್ಟರ್ಡೇ’ ಜೊತೆ ‘ಹ್ಯಾವ್ ಸೀನ್’ ಕೂರುವುದಿಲ್ಲ. ಇದನ್ನೂ ಕನ್ನಡದ ಪಕ್ಕ ಇಟ್ಟೇ ತಿಳಿಸಬೇಕು. ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಕೂಡದು, ಆಡಿದರೆ ದಂಡ ಎನ್ನುವ ನಿಯಮ ಈ ಬಾಗಿಲನ್ನೇ ಮುಚ್ಚುತ್ತದೆ. ಅದು ಶಿಸ್ತಲ್ಲ, ಮಕ್ಕಳಿಗೆ ಮಾಡುವ ಅನ್ಯಾಯ.

ಹಾಗೆಂದು ವ್ಯಾಕರಣ ವಿವರಿಸಿ ಸುಮ್ಮನಾಗುವಂತಿಲ್ಲ, ಮಕ್ಕಳ ಬಾಯಿ ಬಿಡಿಸಬೇಕು. ಹೊರದೇಶದ ಕೈಪಿಡಿಗಳಲ್ಲಿ ‘ಅಲಿಬಿ’ ಎಂಬ ಆಟವಿದೆ. ಇಬ್ಬರು ಆರೋಪಿಗಳು ಹೊರಗೆ ಹೋಗಿ, ಕಳ್ಳತನವಾದ ಹೊತ್ತಿನಲ್ಲಿ ತಾವು ಎಲ್ಲಿ ಏನು ಮಾಡುತ್ತಿದ್ದೆವು ಎಂಬ ಕಥೆ ಕಟ್ಟಿಕೊಂಡು ಬರುತ್ತಾರೆ. ಒಬ್ಬೊಬ್ಬರನ್ನೇ ಒಳಗೆ ಕರೆದು ತರಗತಿ ಪಾಟೀಸವಾಲು ಮಾಡುತ್ತದೆ. ಹೇಳಿಕೆಗಳು ತಾಳೆಯಾಗದಿದ್ದರೆ ಸಿಕ್ಕಿಬಿದ್ದರು. ‘ವಾಟ್ ವರ್ ಯು ಡೂಯಿಂಗ್?’ ಎಂದು ನಿಜವಾದ ಕುತೂಹಲದಿಂದ ಕೇಳುವ ಸಂದರ್ಭ ಇದಕ್ಕಿಂತ ಚೆನ್ನಾಗಿ ಸಿಗದು. ಆದರೆ ನಗರದ ಹೋಟೆಲ್ಲಿನಲ್ಲಿ ನಡೆದ ಕಳ್ಳತನ ನಮ್ಮ ಹಳ್ಳಿಯ ಮಗುವಿಗೆ ಬೇಡ. ಶಾಲೆಯ ಮಾವಿನ ಮರದ ಕಾಯಿ ಕಳುವಾಗಿದೆ ಎನ್ನಿ. ತಯಾರಿ ಕನ್ನಡದಲ್ಲೇ ನಡೆಯಲಿ, ವಿಚಾರಣೆ ಇಂಗ್ಲಿಷಿನಲ್ಲಿ. ‘ಊಟ ಮಾಡ್ತಿದ್ದಾಗ ಕರೆಂಟ್ ಹೋಯ್ತು’ ಎಂದು ದಿನಾ ಹೇಳುವ ಮಗುವಿಗೆ, ಒಂದು ಕೆಲಸ ನಡೆಯುತ್ತಿರುವಾಗ ಇನ್ನೊಂದು ಘಟಿಸುವುದು ಏನೆಂದು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಆಟದ ನಡುವೆ ಯಾರಾದರೂ ‘ಗೋಡ್’ ಎಂದರೆ ಗದರಬೇಡಿ, ಇಂಗ್ಲಿಷ್ ಮನೆಮಾತಿನ ಮಕ್ಕಳೂ ಅದನ್ನು ದಾಟಿಯೇ ಬರುತ್ತಾರೆ.

ಇದ್ಯಾವುದೂ ನಮಗೆ ಪರಕೀಯ ವಿದ್ಯೆಯಲ್ಲ ಎಂಬುದೇ ನೋವಿನ ಸಂಗತಿ. ಕೆಲಸ ಕೊಟ್ಟು, ಅರ್ಥದ ಕಡೆ ಗಮನ ಸೆಳೆದು ಭಾಷೆ ಕಲಿಸುವ ಕ್ರಮವನ್ನು ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ಪ್ರಯೋಗಿಸಿದರು. ರೈಲಿನ ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ಮಕ್ಕಳಿಂದ ಲೆಕ್ಕ ಹಾಕಿಸಿದರು. ಜಗತ್ತಿನ ಭಾಷಾ ಶಿಕ್ಷಣದ ಪುಸ್ತಕಗಳಲ್ಲಿ ಅದರ ಹೆಸರು ‘ಬೆಂಗಳೂರು ಪ್ರಾಜೆಕ್ಟ್’. ಆ ಪ್ರಯೋಗದ ಊರಿನಲ್ಲೇ ಮಕ್ಕಳು ಇನ್ನೂ ಕ್ರಿಯಾಪದದ ಪಟ್ಟಿ ಬಾಯಿಪಾಠ ಮಾಡುತ್ತಿದ್ದಾರೆ.

ಶಿಕ್ಷಕರನ್ನು ದೂರಿ ಫಲವಿಲ್ಲ. ಬಿಟ್ಟ ಸ್ಥಳಕ್ಕೆ ಅಂಕ ಕೊಡುವ ಪರೀಕ್ಷೆ ಇರುವವರೆಗೆ ಅವರು ಅದನ್ನೇ ಕಲಿಸುತ್ತಾರೆ. ಹೊಸ ಮಾಧ್ಯಮ ವಿಭಾಗಕ್ಕೆ ಸುರಿಯುವ ಹಣವನ್ನು ಇಂಗ್ಲಿಷ್ ಶಿಕ್ಷಕರ ದೀರ್ಘ ತರಬೇತಿಗೆ ಹಾಕಿ. ಪ್ರತಿ ಮಗು ತನ್ನ ಊರಿನ ಒಂದು ಘಟನೆಯನ್ನು ಇಂಗ್ಲಿಷಿನಲ್ಲಿ ಬಾಯಿಬಿಟ್ಟು ಹೇಳುವ ಪರೀಕ್ಷೆಯನ್ನು ಏಳನೇ ತರಗತಿಯಿಂದಲೇ ತನ್ನಿ, ಅದಕ್ಕೆ ಅಂಕ ಕೊಡಿ. ಇದಕ್ಕೆ ಕನ್ನಡ ಮಾಧ್ಯಮವನ್ನು ಮುಟ್ಟಬೇಕಾದ ಅಗತ್ಯವೇ ಇಲ್ಲ.